ಉಪಕಾರಸ್ಮರಣೆ

ಉಪಕಾರವನ್ನು ಮನಸ್ಸಿನಲ್ಲಿ ನೆನೆಯುವುದು ಸುಲಭ. ಅದನ್ನು ಲೋಕಕ್ಕೆ ತಿಳಿಯುವಂತೆ ಪ್ರಕಟಿಸುವುದು ಒಂದು ಕಲೆ, ಮತ್ತು ಈ ಕಲೆಯಲ್ಲಿ ನಮ್ಮ ಪೂರ್ವಿಕರು ನಿಷ್ಣಾತರಾಗಿದ್ದರೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನಕ್ಕಿಂತ ಮನೋಜ್ಞವಾದ ಸಾಕ್ಷ್ಯವನ್ನು ನಾನರಿಯೆ. ಹತ್ತನೆಯ ಶತಮಾನದಲ್ಲಿ, ತಕ್ಕೋಲದ ಯುದ್ಧದಲ್ಲಿ ಚೋಳರೆದುರು ಪರಾಕ್ರಮ ಮೆರೆದ ಮಣಲೇರನೆಂಬ ವೀರನು, ಪ್ರಭುವು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು; ಆ ನಾಯಿ ಮುಂದೆ ಒಂದು ಮಹಾವರಾಹದೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ಸ್ಮರಣೆಗಾಗಿ ದೇವಾಲಯದೆದುರು ಕಲ್ಲು ನಿಲ್ಲಿಸಿದರು. ನಾಯಿ ಹಂದಿಗಳ ಕಾಳಗವನ್ನು ಅದರಲ್ಲಿ ಕೆತ್ತಿಸಿದರು. ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಎಂದರೆ ಶೈವ ಅರ್ಚಕನಿಗೆ, ಆ ನಾಯಿ ಮಾಡಿದ ಪಾಪವೆಲ್ಲ ಅಂಟುವುದೆಂದೂ ಬರೆಸಿದರು. ಮೂಕಪ್ರಾಣಿಗೆ ಸಂದ ಈ ಗೌರವದಲ್ಲಿ ನನ್ನನ್ನು ಸೆಳೆಯುವುದು ಅದರ ನಿಖರತೆ: ಹೆಸರುಂಟು, ಕಾರ್ಯದ ವಿವರವುಂಟು, ನೆನಪು ಅಳಿಯದಂತೆ ಮಾಡಿದ ಏರ್ಪಾಡುಂಟು.

ಸನ್ಮಾನಸಭೆಗಳಲ್ಲಿ ಶಾಲು, ಹಾರ, ಫಲತಾಂಬೂಲಗಳನ್ನು ಅರ್ಪಿಸುವ ನಾವು ಅನೇಕ ವೇಳೆ ಈ ವಿವರವನ್ನೇ ಮರೆಯುತ್ತೇವೆ. ಹಳೆಯ ಉಪಾಧ್ಯಾಯರೊಬ್ಬರಿಗೆ ಬರೆಯುವ ಕಾಗದವು, ಅವರು ಕಲಿಸಿದ ಯಾವ ಪಾಠವು ಬಾಳಿನ ಯಾವ ಘಟ್ಟದಲ್ಲಿ ಕೈಹಿಡಿಯಿತೆಂಬುದನ್ನು ಎರಡೇ ಸಾಲಿನಲ್ಲಿ ತಿಳಿಸಿದರೂ, ಜರತಾರಿ ಶಾಲಿಗಿಂತ ಹೆಚ್ಚಿನ ಸಂತೋಷವನ್ನು ಕೊಡಬಲ್ಲುದು. ಅದನ್ನು ಅವರು ಬದುಕಿರುವಾಗಲೇ ಬರೆಯಬೇಕು.

ಆದರೂ ಗುರುವು ಗತಿಸಿದ ಬಳಿಕ ಕೃತಜ್ಞತೆಯ ಮಾರ್ಗ ಮುಚ್ಚಿಹೋಗುವುದಿಲ್ಲ. 1939ರಲ್ಲಿ ತೀರಿಕೊಂಡ ಟಿ. ಎಸ್. ವೆಂಕಣ್ಣಯ್ಯನವರಿಗೆ, ಅವರ ಶಿಷ್ಯರಾದ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು, ಗುರುವಿನೊಡನೆ ನೇರವಾಗಿ ಮಾತನಾಡುವ ಪದ್ಯದ ಮೂಲಕ ಅರ್ಪಿಸಿದರು.