ದ್ರಾಕ್ಷಾರಸದ ಪಂಕ್ತಿಭೇದ

1855ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಬೋರ್ಡೊ ಪ್ರಾಂತದ ಕೆಂಪು ದ್ರಾಕ್ಷಾರಸಗಳನ್ನು ಐದು ದರ್ಜೆಗಳಾಗಿ ವಿಂಗಡಿಸುವ ಕಾರ್ಯವು ಪೇಟೆಯ ದಳ್ಳಾಳಿಗಳ ಪಾಲಿಗೆ ಬಂದಿತು. ಅವರು ರುಚಿ ನೋಡುವ ಗೋಜಿಗೆ ಹೋಗದೆ, ಯಾವ ತೋಟದ ಸರಕು ಬಹುಕಾಲದಿಂದ ಎಷ್ಟು ಬೆಲೆಗೆ ಮಾರಿತ್ತೆಂಬ ಲೆಕ್ಕವನ್ನೇ ಹಿಡಿದರು! ಲಾಫಿತ್, ಲಾತೂರ್, ಮಾರ್ಗೊ, ಓ-ಬ್ರಿಯೋಂ, ಈ ನಾಲ್ಕಕ್ಕೆ ಅಗ್ರಸ್ಥಾನ ದೊರೆಯಿತು. ಮೂತೋಂ ತೋಟಕ್ಕೆ ಎರಡನೆಯ ದರ್ಜೆಯೇ ಗತಿ. ಅದರ ಒಡೆಯನಾದ ಬ್ಯಾರನ್ ಫಿಲಿಪ್ ದ ರಾಥ್‌ಚೈಲ್ಡ್ ದಶಕಗಟ್ಟಲೆ ಹೋರಾಡಿ, 1973ರಲ್ಲಿ ಅದನ್ನು ಮೊದಲ ಪಂಕ್ತಿಗೆ ಏರಿಸಿದನು. ಆಜ್ಞೆಗೆ ಸಹಿ ಹಾಕಿದವನು ಅಂದಿನ ಕೃಷಿಮಂತ್ರಿ, ಮುಂದೆ ರಾಷ್ಟ್ರಾಧ್ಯಕ್ಷನಾದ ಜಾಕ್ ಶಿರಾಕ್.

ನೆರೆಯ ಸೇಂತ್-ಎಮಿಲಿಯೋಂ 1955ರಲ್ಲಿ ಬೇರೆ ದಾರಿ ಹಿಡಿಯಿತು: ಸುಮಾರು ಹತ್ತು ವರ್ಷಕ್ಕೊಮ್ಮೆ ಮರುಪರೀಕ್ಷೆ. ನ್ಯಾಯವೇನೋ ಹೆಚ್ಚು, ನೆಮ್ಮದಿ ಕಡಮೆ. ದರ್ಜೆ ಕಳೆದರೆ ಸೀಸೆಯ ಬೆಲೆಯೊಡನೆ ಭೂಮಿಯ ಬೆಲೆಗೂ ಪೆಟ್ಟು ಬೀಳುವುದಲ್ಲವೆ? 2006ರ ಪಟ್ಟಿಯಲ್ಲಿ ಕೆಳಗಿಳಿದವರು ನ್ಯಾಯಾಲಯದ ಮೆಟ್ಟಿಲೇರಿದರು, ಪಟ್ಟಿಯೇ ರದ್ದಾಯಿತು. 2021ರಲ್ಲಂತೂ ತುತ್ತತುದಿಯಲ್ಲಿದ್ದ ಓಜೋನ್, ಶೆವಾಲ್ ಬ್ಲಾಂ ತೋಟಗಳೆರಡೂ ಪರೀಕ್ಷೆಯೇ ಬೇಡವೆಂದು ತಾವಾಗಿ ಹಿಂದೆ ಸರಿದವು.