ಪೊಲೀಸರ ಗುಂಡು: ನಂಬಿಕೆ ಏನು, ಸತ್ಯ ಏನು?

‘ಹಲ್ಲೆಗೆ ಯತ್ನ: ಆರೋಪಿ ಕಾಲಿಗೆ ಗುಂಡೇಟು.’ ನಮ್ಮ ಪತ್ರಿಕೆಗಳಲ್ಲಿ ಇಂಥ ತಲೆಬರಹ ಆಗಾಗ ಕಾಣುತ್ತದೆ. ಕೆಲವರು ಮೆಚ್ಚುತ್ತಾರೆ, ಕೆಲವರು ಅನುಮಾನಿಸುತ್ತಾರೆ. ಆದರೆ ಗುಂಡು ಹಾರುವ ಆ ಕ್ಷಣದ ಬಗ್ಗೆ ಇಬ್ಬರಿಗೂ ಇರುವ ತಿಳಿವಳಿಕೆ ಬಹುಪಾಲು ಸಿನಿಮಾದ್ದು. ಗುಂಡು ಹಾರಿಸಿದ ಪೊಲೀಸರ ಅನುಭವವನ್ನು ಅಮೆರಿಕದಲ್ಲಿ ಸಾಕಷ್ಟು ಅಧ್ಯಯನ ಮಾಡಿದ್ದಾರೆ. ಹಾಗೆ ಅಧ್ಯಯನ ಮಾಡಿದವರಲ್ಲಿ ಡೇವಿಡ್ ಕ್ಲಿಂಗರ್ ಒಬ್ಬರು. 1981ರಲ್ಲಿ, ಲಾಸ್ ಏಂಜಲೀಸ್ ಪೊಲೀಸ್ ಪಡೆಗೆ ಹೊಸಬರಾಗಿದ್ದಾಗಲೇ, ಜೊತೆಗಾರನ ಮೇಲೆ ಚಾಕು ಹಿಡಿದು ಎರಗಿದವನನ್ನು ಅವರು ಗುಂಡಿಕ್ಕಿ ಕೊಂದರು. ಮುಂದೆ ಪೊಲೀಸ್ ಕೆಲಸ ಬಿಟ್ಟು ಸಂಶೋಧಕರಾಗಿ, ಇಂಥದೇ ಅನುಭವವಿದ್ದ 80 ಪೊಲೀಸರನ್ನು ಮಾತಾಡಿಸಿ 113 ಘಟನೆಗಳ ವಿವರ ಕಲೆಹಾಕಿದರು.

ನಂಬಿಕೆ: ಅಮೆರಿಕದ ಪೊಲೀಸರಿಗೆ ಗುಂಡು ಹಾರಿಸುವುದು ದಿನನಿತ್ಯದ ಕೆಲಸ.

ಸತ್ಯ: ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು 8,000 ಪೊಲೀಸರು ಭಾಗವಹಿಸಿದ್ದರು. ತರಬೇತಿಯನ್ನು ಬಿಟ್ಟರೆ, ಕರ್ತವ್ಯದಲ್ಲಿದ್ದಾಗ ಒಮ್ಮೆಯಾದರೂ ಗುಂಡು ಹಾರಿಸಿದ್ದೇವೆ ಎಂದವರು ಶೇ. 27 ಮಾತ್ರ. ಕಾನೂನಿನ ಅಡ್ಡಿ ಇಲ್ಲದಿದ್ದರೂ ಗುಂಡು ಹಾರಿಸದೆ ಕೈ ತಡೆದ ಸಂದರ್ಭಗಳನ್ನು ಕ್ಲಿಂಗರ್ ಅವರಿಗೆ ಅನೇಕರು ಹೇಳಿಕೊಂಡಿದ್ದಾರೆ. ಆ ಸಂಯಮ ಎಲ್ಲೂ ಸುದ್ದಿಯಾಗುವುದಿಲ್ಲ.

ನಂಬಿಕೆ: ಕಾಲಿಗೆ ಹೊಡೆದರೆ ಜೀವಕ್ಕೆ ಅಪಾಯವಿಲ್ಲ.

ಸತ್ಯ: ತೊಡೆಯಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ರಕ್ತ ಸೋರಿ ಪ್ರಾಣ ಹೋಗಬಹುದು. ಇನ್ನು ಗುರಿಯ ಮಾತು. ನ್ಯೂಯಾರ್ಕ್ ಪೊಲೀಸರ 1998ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ, ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಪ್ರಕರಣಗಳಲ್ಲಿ ಪೊಲೀಸರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇ. 18 ಮಾತ್ರ. ಎದುರಾಳಿ ಗುಂಡು ಹಾರಿಸದಿದ್ದಾಗಲೂ ಅದು ಶೇ. 30 ದಾಟಲಿಲ್ಲ. ಓಡಾಡುವ ಕಾಲಿಗೆ ಇಟ್ಟ ಗುರಿ ತಪ್ಪಿದರೆ ಗುಂಡು ದಾರಿಹೋಕರಿಗೂ ತಗಲಬಹುದು. ಆದ್ದರಿಂದಲೇ ಅಲ್ಲಿನ ತರಬೇತಿಯಲ್ಲಿ ಎದೆಯ ಭಾಗಕ್ಕೆ ಗುರಿಯಿಡಲು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಗುಂಡು ಹಾರಿಸಲು ಕಲಿಸುತ್ತಾರೆ. ಎಲ್ಲಿಗೆ ಹೊಡೆದರೂ ಅದು ಪ್ರಾಣ ತೆಗೆಯಬಲ್ಲ ಬಲವೇ.

ನಂಬಿಕೆ: ಅಧಿಕಾರಿಯ ಹೇಳಿಕೆ ವಿಡಿಯೊಗೆ ಹೊಂದದಿದ್ದರೆ ಅದು ಸುಳ್ಳೇ.

ಸತ್ಯ: ಹಾಗೆಂದು ಒಮ್ಮೆಲೇ ತೀರ್ಮಾನಿಸಲಾಗದು. ಪ್ರಾಣಭಯದಲ್ಲಿ ಕಣ್ಣು, ಕಿವಿ, ಕಾಲದ ಅಂದಾಜು ಎಲ್ಲವೂ ಏರುಪೇರಾಗುತ್ತವೆ. ಕ್ಲಿಂಗರ್ ದಾಖಲಿಸಿದ ಘಟನೆಗಳ ಪೈಕಿ ಪ್ರತಿ ಹತ್ತರಲ್ಲಿ ಸುಮಾರು ಎಂಟರಲ್ಲಿ ಪೊಲೀಸರಿಗೆ ಶಬ್ದ ಕುಗ್ಗಿ ಕೇಳಿಸಿತ್ತು. ಕೆಲವರಿಗೆ ತಮ್ಮದೇ ಪಿಸ್ತೂಲಿನ ಸದ್ದೂ ಸರಿಯಾಗಿ ಕೇಳಿಸಲಿಲ್ಲ. ಅರ್ಧಕ್ಕಿಂತ ಹೆಚ್ಚು ಘಟನೆಗಳಲ್ಲಿ ಎಲ್ಲವೂ ನಿಧಾನವಾಗಿ ನಡೆದಂತೆ ಅನಿಸಿತ್ತು. ಅರ್ಧದಷ್ಟರಲ್ಲಿ ನೋಟ ಒಂದೇ ಬಿಂದುವಿನಲ್ಲಿ ನಟ್ಟು ಸುತ್ತಲಿನದು ಕಾಣದಾಗಿತ್ತು. ಎಷ್ಟು ಗುಂಡು ಹಾರಿಸಿದೆ ಎಂದು ಪ್ರಾಮಾಣಿಕರೂ ತಪ್ಪು ಹೇಳಬಹುದು.

ಆದರೆ ಇದೇ ಮಾತು ಸುಳ್ಳಿಗೆ ಗುರಾಣಿಯಾಗಬಾರದು. 2015ರಲ್ಲಿ ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ವಾಲ್ಟರ್ ಸ್ಕಾಟ್ ಅವರನ್ನು ಕೊಂದ ಅಧಿಕಾರಿ ತನಗೆ ಜೀವಭಯವಿತ್ತು ಎಂದಿದ್ದ. ದಾರಿಹೋಕರೊಬ್ಬರು ತೆಗೆದ ವಿಡಿಯೊದಲ್ಲಿ ಸ್ಕಾಟ್ ಬೆನ್ನು ತಿರುಗಿಸಿ ಓಡುತ್ತಿದ್ದರು. ಆ ಅಧಿಕಾರಿಗೆ 20 ವರ್ಷ ಶಿಕ್ಷೆಯಾಯಿತು. ನೆನಪು ನಂಬಲರ್ಹವಲ್ಲದ ಕಾರಣಕ್ಕೇ ಹೊರಗಿನ ಸಾಕ್ಷ್ಯ ಬೇಕು.

ನಂಬಿಕೆ: ಕೊಂದ ಪೊಲೀಸ್ ಒಂದೋ ಕಲ್ಲೆದೆಯವನು, ಇಲ್ಲವೇ ಜೀವನಪೂರ್ತಿ ಕುಸಿದುಹೋಗುತ್ತಾನೆ.

ಸತ್ಯ: ಬಹಳ ಮಂದಿಯ ಅನುಭವ ಇವೆರಡರ ನಡುವಿನದು. ಮೊದಲ ದಿನಗಳಲ್ಲಿ ನಿದ್ದೆ ಬಾರದು, ಘಟನೆ ಮತ್ತೆ ಮತ್ತೆ ನೆನಪಾಗುತ್ತದೆ. ಬದುಕಿ ಉಳಿದ ಸಮಾಧಾನವೂ ಜೊತೆಗಿರುತ್ತದೆ. ತಿಂಗಳುಗಳು ಕಳೆದಂತೆ ಹೆಚ್ಚಿನವರಲ್ಲಿ ಇದು ತಗ್ಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಸಹೋದ್ಯೋಗಿಗಳು, ಮೇಲಧಿಕಾರಿಗಳು, ಮಾಧ್ಯಮದವರು ನಡೆದುಕೊಳ್ಳುವ ರೀತಿಯೂ ನೋವನ್ನು ಏರಿಸಬಹುದು ಅಥವಾ ಇಳಿಸಬಹುದು.

ನಂಬಿಕೆ: ನಿಯಮ ಬಿಗಿಯಾದರೆ ಪೊಲೀಸರೇ ಸಾಯುತ್ತಾರೆ.

ಸತ್ಯ: ನ್ಯೂಯಾರ್ಕ್ ಪೊಲೀಸ್ ಇಲಾಖೆ 1972ರಲ್ಲಿ ನಿಯಮ ಬಿಗಿಗೊಳಿಸಿತು. ಜೀವರಕ್ಷಣೆಗೆ ಮಾತ್ರ ಗುಂಡು, ಹಾರಿಸಿದ ಪ್ರತಿ ಸಲವೂ ಪರಿಶೀಲನೆ. ಅದೇ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಫೈಫ್ ಅಧ್ಯಯನ ಮಾಡಿದಾಗ, ಗುಂಡು ಹಾರಿಸಿದ ಪ್ರಕರಣಗಳ ಜೊತೆಗೆ ಗಾಯಗೊಂಡ ಮತ್ತು ಸತ್ತ ಪೊಲೀಸರ ಸಂಖ್ಯೆಯೂ ಇಳಿದಿತ್ತು. 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಅಪಾಯಕಾರಿಯಲ್ಲದವನು ಓಡಿದನೆಂಬ ಕಾರಣಕ್ಕೆ ಗುಂಡು ಹಾರಿಸುವಂತಿಲ್ಲ ಎಂದಿತು. ಆ ಪ್ರಕರಣದಲ್ಲಿ ಸತ್ತವನು ಮೆಂಫಿಸ್‌ನಲ್ಲಿ ಬೇಲಿ ಹತ್ತುತ್ತಿದ್ದ 15 ವರ್ಷದ ನಿರಾಯುಧ ಹುಡುಗ.

ನಂಬಿಕೆ: ಎನ್‌ಕೌಂಟರ್ ಎಂದರೆ ಬೇಗ ಸಿಗುವ ನ್ಯಾಯ.

ಸತ್ಯ: ನಮ್ಮ ಕಾನೂನಿನಲ್ಲಿ ಎನ್‌ಕೌಂಟರ್ ಎಂಬ ಶಿಕ್ಷೆಯೇ ಇಲ್ಲ. ಪೊಲೀಸರಿಗಿರುವುದು ಬಂಧಿಸಲು ಅಗತ್ಯವಾದಷ್ಟು ಬಲ ಬಳಸುವ ಅಧಿಕಾರ ಮತ್ತು ಎಲ್ಲರಿಗೂ ಇರುವ ಆತ್ಮರಕ್ಷಣೆಯ ಹಕ್ಕು. ಪೊಲೀಸ್ ಗುಂಡಿನಿಂದ ಸಾವಾದರೆ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ತೀವ್ರ ಗಾಯವಾದಾಗಲೂ ಸಾಧ್ಯವಾದಷ್ಟು ಇದನ್ನೇ ಪಾಲಿಸಬೇಕು. 2019ರಲ್ಲಿ ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಹತರಾದಾಗ ಜನ ಪೊಲೀಸರ ಮೇಲೆ ಹೂವೆರಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಅದು ಕೊಲ್ಲುವ ಉದ್ದೇಶದಿಂದಲೇ ಹಾರಿಸಿದ ಗುಂಡು ಎಂದು ಹೇಳಿ, ಹತ್ತು ಪೊಲೀಸರನ್ನು ಕೊಲೆ ಆರೋಪದ ವಿಚಾರಣೆಗೆ ಒಳಪಡಿಸಲು ಶಿಫಾರಸು ಮಾಡಿತು.

ಜೀವ ಉಳಿಸಲು ಅನಿವಾರ್ಯವಾಗಿ ಗುಂಡು ಹಾರಿಸಿದ ಅಧಿಕಾರಿಯನ್ನು ಅನುಮಾನದಿಂದ ಬಿಡಿಸುವುದು ನಿಷ್ಪಕ್ಷಪಾತ ತನಿಖೆ. ಅಧಿಕಾರದ ಮರೆಯಲ್ಲಿ ಕೊಂದವನನ್ನು ಹಿಡಿಯುವುದೂ ಅದೇ. ಆದ್ದರಿಂದ ಪೊಲೀಸರ ಮೇಲೆ ಗೌರವವಿರುವವರೇ ಅದನ್ನು ಮೊದಲು ಕೇಳಬೇಕು, ಹೂವೆರಚುವುದಕ್ಕೆ ಮುಂಚೆಯೇ ಕೇಳಬೇಕು.