ಮುಂಬಯಿಯಲ್ಲಿ ಒಂದು ರಾತ್ರಿಯ ನೆಲೆ

ಮಂಗಳೂರಿನಿಂದ ಹಿಂದಿನ ದಿನ ಮಧ್ಯಾಹ್ನ ಹೊರಟ ಮತ್ಸ್ಯಗಂಧಾ ರೈಲು, ಕೊಂಕಣದ ಸುರಂಗಗಳನ್ನೂ ಹೊಳೆಗಳನ್ನೂ ರಾತ್ರಿಯೆಲ್ಲ ದಾಟಿ, ಬೆಳಗಿನ ಹೊತ್ತಿಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸನ್ನು ಮುಟ್ಟಿದಾಗ, ಅದರಿಂದ ಇಳಿಯುವ ಜನರಲ್ಲಿ ಎರಡು ಬಗೆಯವರನ್ನು ಒಂದೇ ನೋಟಕ್ಕೆ ಗುರುತಿಸಬಹುದು. ನಗರದಲ್ಲಿ ಮನೆಯೋ ನಂಟರೋ ಉಳ್ಳವರು ಗಂಟುಮೂಟೆಗಳನ್ನೆತ್ತಿಕೊಂಡು ಹಿಂತಿರುಗಿ ನೋಡದೆ ನಡೆದುಬಿಡುತ್ತಾರೆ. ಯಾರೂ ಇಲ್ಲದವರು ಚೀಲವನ್ನು ಕಾಲ ಬಳಿ ಇಳಿಸಿ, ಕಿಸೆಯೊಳಗಿನ ಹಣವನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತ ಒಂದು ಕ್ಷಣ ನಿಲ್ಲುತ್ತಾರೆ. ಇಂದು ರಾತ್ರಿ ಮೈಚಾಚುವುದೆಲ್ಲಿ ಎಂಬ ಪ್ರಶ್ನೆ ಅವರ ಆ ನಿಲುವಿನಲ್ಲೇ ಇದೆ.

ಈ ನಿಲ್ದಾಣವು ಯಾರ ಹೆಸರನ್ನು ಹೊತ್ತಿದೆಯೋ ಆ ಲೋಕಮಾನ್ಯರು, ಪುಣೆಯಿಂದ ಮುಂಬಯಿಗೆ ಬಂದಾಗ ತಂಗುತ್ತಿದ್ದುದೂ, 1920ರ ಆಗಸ್ಟ್ 1ರಂದು ಕೊನೆಯುಸಿರೆಳೆದುದೂ ಕ್ರಾಫರ್ಡ್ ಮಾರ್ಕೆಟ್ಟಿನ ಸಮೀಪದ ಸರ್ದಾರ್ ಗೃಹವೆಂಬ ವಸತಿಗೃಹದಲ್ಲಿ. ಕಾಲಾಘೋಡಾದ ವಾಟ್ಸನ್ ಹೋಟೆಲು, ಎಂದರೆ 1896ರ ಜುಲೈ 7ರಂದು ಲೂಮಿಯೇರ್ ಸೋದರರ ಚಲಚ್ಚಿತ್ರಗಳು ಪ್ರದರ್ಶಿತವಾದ ಆ ಕಬ್ಬಿಣದ ಕಟ್ಟಡ, ಬಿಳಿಯರಿಗಾಗಿ ಇದ್ದಿತು. 1903ರಲ್ಲಿ ಬಾಗಿಲು ತೆರೆದ ತಾಜಮಹಲ್ ಹೋಟೆಲು ಸಿರಿವಂತರಿಗಾಗಿ ಇದ್ದಿತು. ವ್ಯಾಜ್ಯಕ್ಕಾಗಿ, ವ್ಯಾಪಾರಕ್ಕಾಗಿ, ದೇಶಕಾರ್ಯಕ್ಕಾಗಿ ಬರುತ್ತಿದ್ದ ಇತರರನ್ನೆಲ್ಲ ಒಳಕ್ಕೆ ಕರೆದುಕೊಂಡುದು ಧರ್ಮಶಾಲೆಗಳು, ಲಾಡ್ಜುಗಳು ಮತ್ತು ಖಾನಾವಳಿಗಳು.

ಮುಂಬಯಿಯಲ್ಲಿ ಕೋಣೆ ದುಬಾರಿಯಾಗಿರುವುದಕ್ಕೆ ಮೂಲಕಾರಣ ಅದರ ನೆಲದಲ್ಲಿಯೇ ಇದೆ. ಏಳು ದ್ವೀಪಗಳ ನಡುವಣ ನೀರನ್ನು ಹೂಳಿ ಒಂದುಗೂಡಿಸಿದ ಈ ನಗರವು, ಮೂರು ಕಡೆ ಸಮುದ್ರದಿಂದ ಬಿಗಿಯಲ್ಪಟ್ಟು, ಉತ್ತರಕ್ಕಲ್ಲದೆ ಬೇರೆಡೆಗೆ ಹಬ್ಬಲಾರದು. ಕಚೇರಿಗಳೂ ನ್ಯಾಯಾಲಯಗಳೂ ಬಹುಕಾಲ ದಕ್ಷಿಣದ ತುದಿಯಲ್ಲೇ ಕಿಕ್ಕಿರಿದುದರಿಂದ ಅಲ್ಲಿಯ ಅಂಗುಲ ನೆಲಕ್ಕೂ ಬೆಲೆಯೇರಿತು. ಈ ಕಷ್ಟ ಹೊಸದೂ ಅಲ್ಲ. 1947ರಲ್ಲಿ ಬಾಡಿಗೆಯನ್ನು ಹತೋಟಿಗೆ ತರಲೆಂದು ಮುಂಬಯಿ ಸರಕಾರವು ಮಾಡಿದ ಕಾಯ್ದೆಯ ಹೆಸರಿನಲ್ಲಿಯೇ ಮನೆಬಾಡಿಗೆಯ ಜೊತೆಗೆ ಹೋಟೆಲು ಮತ್ತು ವಸತಿಗೃಹಗಳ ದರವೂ ಸೇರಿದ್ದಿತೆಂದರೆ, ಒಂದು ರಾತ್ರಿಯ ಅತಿಥಿಯ ಪಾಡು ಶಾಸನಕರ್ತರ ಗಮನಕ್ಕೂ ಬರುವಷ್ಟು ತೀವ್ರವಾಗಿತ್ತೆಂಬುದು ಸ್ಪಷ್ಟ.

ಹಾಗಿರುವಲ್ಲಿ, ಮಿತವಾದ ಹಣವುಳ್ಳ ಪ್ರವಾಸಿಯು ಮೊದಲು ಹುಡುಕಬೇಕಾದುದು ಕೋಣೆಯನ್ನಲ್ಲ, ರೈಲುಮಾರ್ಗವನ್ನು. ನಗರದ ಜೀವನಾಡಿಗಳು ಮೂರು: ಚರ್ಚ್‌ಗೇಟಿನಿಂದ ಹೊರಡುವ ಪಶ್ಚಿಮ ಮಾರ್ಗ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಹೊರಡುವ ಮಧ್ಯ ಮಾರ್ಗ, ಮತ್ತು ಅಲ್ಲಿಂದಲೇ ವಾಶಿ, ಪನವೇಲುಗಳತ್ತ ಸಾಗುವ ಹಾರ್ಬರ್ ಮಾರ್ಗ. ತನ್ನ ಕೆಲಸ ಯಾವ ಮಾರ್ಗದ ಮೇಲಿದೆಯೋ ಆ ಮಾರ್ಗದಲ್ಲೇ ವಸತಿಯನ್ನು ಹಿಡಿದವನು, ನಾಲ್ಕು ನಿಲ್ದಾಣ ದೂರವಿದ್ದರೂ ಸುಖಿ. ಮಾರ್ಗ ತಪ್ಪಿದವನು ಹತ್ತಿರದಲ್ಲಿದ್ದೂ ಟ್ಯಾಕ್ಸಿಗೆ ಹಣ ಸುರಿಯುತ್ತಾನೆ. ಪರೇಲಿನ ಆಸ್ಪತ್ರೆಗಳಿಗೆ ಬಂದವರಿಗೆ ದಾದರ್ ಅನುಕೂಲ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳೆರಡೂ ಕೂಡುವ ಸಂಗಮವಾದುದರಿಂದ, ಬೇರೆ ಕೆಲಸದವರಿಗೂ ಅದು ಒಗ್ಗುತ್ತದೆ. ಬಾಂದ್ರಾ–ಕುರ್ಲಾ ಸಂಕೀರ್ಣದ ಅಮೆರಿಕದ ದೂತಾವಾಸಕ್ಕೆ ವೀಸಾ ಕೇಳಲು ಬಂದವರಿಗೆ ಕುರ್ಲಾ, ಸಾಯನ್, ಬಾಂದ್ರಾ ಪೂರ್ವಗಳು ಸಮೀಪ. ಘಾಟ್ಕೋಪರ್ ಮತ್ತು ಅಂಧೇರಿಗಳನ್ನು 2014ರಿಂದ ಮೆಟ್ರೋ ಬೆಸೆದಿದೆ; 2025ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ನೆಲದಡಿಯ ಮೆಟ್ರೋ ಮಾರ್ಗವು ವಿಮಾನ ನಿಲ್ದಾಣದ ಕಡೆಯ ಲಾಡ್ಜುಗಳನ್ನು ದಕ್ಷಿಣದ ಕೋಟೆ ಪ್ರದೇಶಕ್ಕೆ ನೇರವಾಗಿ ಜೋಡಿಸಿದೆ. ಮಕ್ಕಳುಮರಿಗಳೊಡನೆ ಬಂದವರಿಗೆ ಠಾಣೆಯಲ್ಲೋ ವಾಶಿಯಲ್ಲೋ ಅದೇ ಬೆಲೆಗೆ ಹೆಚ್ಚು ವಿಶಾಲವಾದ ಕೋಣೆ ದೊರೆಯುವುದುಂಟು. ಆದರೆ ಅಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ಪ್ರಯಾಣವೆಂಬುದನ್ನೂ, ಬೆಳಗ್ಗೆ ಜನಪ್ರವಾಹವೆಲ್ಲ ದಕ್ಷಿಣಕ್ಕೂ ಸಂಜೆ ಉತ್ತರಕ್ಕೂ ನುಗ್ಗುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಕೋಣೆಯ ನಿಜವಾದ ಬೆಲೆಯೆಂದರೆ ಬಾಡಿಗೆ, ಹೋಗಿಬರುವ ಖರ್ಚು ಮತ್ತು ದೇಹದ ಆಯಾಸ ಇವು ಮೂರರ ಮೊತ್ತ.

ಒಂದೆರಡು ರಾತ್ರಿಗಳ ಕೆಲಸವಿದ್ದವರು ರೈಲ್ವೆಯ ರಿಟೈರಿಂಗ್ ರೂಮುಗಳನ್ನು ಮರೆಯಬಾರದು. ಖಚಿತವಾದ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆಯಿದ್ದರೆ ಮುಂಚಿತವಾಗಿಯೇ ಕೋಣೆಯನ್ನೋ ಡಾರ್ಮಿಟರಿಯ ಹಾಸಿಗೆಯನ್ನೋ ಕಾದಿರಿಸಬಹುದು; 48 ಗಂಟೆಗಳಿಗಿಂತ ಹೆಚ್ಚು ಕಾಲ ಇರಲಾಗದೆಂಬುದೊಂದೇ ಮಿತಿ. ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ 2021ರ ನವೆಂಬರಿನಲ್ಲಿ ಆರಂಭವಾದ, ಒಬ್ಬೊಬ್ಬರೇ ಮಲಗತಕ್ಕ ಪುಟ್ಟ ಗೂಡುಗಳ ಪಾಡ್ ಹೋಟೆಲು ಒಂಟಿ ಪ್ರಯಾಣಿಕನಿಗೆ ಉಪಯುಕ್ತ. ಬೆಳಗ್ಗೆ ಬಂದಿಳಿದವರು ಲಾಡ್ಜಿನಲ್ಲಿ ಮೊದಲು ಕೇಳತಕ್ಕ ಮಾತು, ದಿನದ ಲೆಕ್ಕ 24 ಗಂಟೆಗಳದೋ, ಮಧ್ಯಾಹ್ನ 12ಕ್ಕೆ ಮುಗಿಯುವುದೋ ಎಂಬುದು. ಎರಡನೆಯ ಪದ್ಧತಿಯಿದ್ದಲ್ಲಿ ಏಳು ಗಂಟೆಗೆ ಒಳಹೊಕ್ಕವನು ಐದು ತಾಸಿಗೆ ಒಂದು ದಿನದ ಬಾಡಿಗೆ ತೆರಬೇಕಾದೀತು. ಅಂಥಲ್ಲಿ ಸಾಮಾನನ್ನು ನಿಲ್ದಾಣದ ಕ್ಲೋಕ್‌ರೂಮಿನಲ್ಲಿಟ್ಟು, ಕೆಲಸ ಮುಗಿಸಿಕೊಂಡು ಮಧ್ಯಾಹ್ನ ಹೋಗುವುದೇ ಲೇಸು. ತೆರಿಗೆ ಸೇರಿದೆಯೇ ಎಂದೂ ಕೇಳಬೇಕು. ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗಳ ಮೇಲಣ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ.

ಎಲ್ಲಕ್ಕಿಂತ ಮಿಗಿಲಾಗಿ, ಕೋಣೆಯನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಬೇಕು. ಕೆಲವು ವರ್ಷಗಳ ಹಿಂದೆ ನಾನು ಚಿತ್ರವೊಂದನ್ನು ನಂಬಿ ಮೂರು ರಾತ್ರಿಯ ಬಾಡಿಗೆಯನ್ನು ಮೊದಲೇ ಕಟ್ಟಿ ಹೋದೆ. ಚಿತ್ರದಲ್ಲಿದ್ದ ಕಿಟಕಿ ಅಲ್ಲಿಯೂ ಇದ್ದಿತು; ಪರದೆ ಸರಿಸಿದರೆ ಗೇಣುದೂರದಲ್ಲಿ ಪಾಚಿಗಟ್ಟಿದ ಗೋಡೆ, ಅದರ ಮೇಲೆ ನೀರು ತೊಟ್ಟಿಕ್ಕುವ ಕೊಳವೆ. ಜುಲೈ ತಿಂಗಳ ಮಳೆಗೆ ಹಾಸಿಗೆಯೂ ಬೂಷ್ಟು ಹಿಡಿದು ನಾರುತ್ತಿತ್ತು. ಕಟ್ಟಿದ ಹಣ ಮರಳಿ ಬರಲಿಲ್ಲ. ಮಳೆಗಾಲದಲ್ಲಿ ಬಾಡಿಗೆ ಇಳಿಯುವುದು ನಿಜ. ಆದರೆ ಆಗಲೇ ಗೋಡೆಯನ್ನು ಮುಟ್ಟಿನೋಡಬೇಕು, ನಲ್ಲಿಯನ್ನು ತಿರುಗಿಸಿ ನೋಡಬೇಕು, ಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿನೋಡಬೇಕು, ಮೊದಲು ಒಂದೇ ರಾತ್ರಿಯ ಹಣವನ್ನು ಕೊಡಬೇಕು.

ಆ ಅನುಭವದ ಬಳಿಕ ನಾನು ದಾದರಿನ ಹಳೆಯ ಲಾಡ್ಜೊಂದರಲ್ಲಿ ಇಳಿದುಕೊಂಡೆ. ಅಲ್ಲಿ ದೊಡ್ಡ ಕೋಣೆಯೊಂದನ್ನು ಹಲಗೆಯ ಅಡ್ಡಗೋಡೆಯಿಂದ ಎರಡಾಗಿಸಿದ್ದರು. ಹಲಗೆ ಸೂರನ್ನು ಮುಟ್ಟದೆ ಒಂದು ಮೊಳ ಕೆಳಗೇ ನಿಂತು, ನಡುವಣ ತೆರವಿಗೆ ತಂತಿಯ ಜಾಲರಿ ಹೊಡೆದಿತ್ತು. ಕಬ್ಬಿಣದ ಮಂಚ, ಒಗೆದ ದುಪ್ಪಟಿ, ಮೂಲೆಯಲ್ಲಿ ಬಕೀಟು. ಸೌಕರ್ಯ ಅಲ್ಪವಾದರೂ ಎಲ್ಲವೂ ಶುಚಿ. ರಾತ್ರಿ ಹತ್ತರ ಸುಮಾರಿಗೆ ಜಾಲರಿಯ ಆಚೆಯಿಂದ, ಯಾರಿಗೂ ಕೇಳಿಸಬಾರದೆಂಬ ಪಿಸುದನಿಯಲ್ಲಿ, “ಊಟ ಮಾಡಿದೆ ಏನವ್ವಾ?” ಎಂಬ ಕನ್ನಡದ ಮಾತು ಕೇಳಿಬಂದಿತು. ಮರುದಿನ ಬೆಳಗ್ಗೆ ನಲ್ಲಿಯ ಬಳಿ ಪರಿಚಯವಾಯಿತು. ಅಕ್ಕಲಕೋಟೆಯ ಕಡೆಯ ರೈತ. ಹೆಂಡತಿಯ ಚಿಕಿತ್ಸೆಗಾಗಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಹನ್ನೊಂದು ದಿನವಾಗಿತ್ತು. ರಾತ್ರಿ ಮಾತಾಡಿದುದು ಊರಿನಲ್ಲಿರುವ ಮಗಳೊಡನೆ. “ದವಾಖಾನಿ ರೊಕ್ಕ ಹ್ಯಾಂಗರೆ ಮಾಡಿ ಹೊಂದಸಬಹುದರಿ, ಈ ಖೋಲಿ ಬಾಡಗಿ ದಿನಾ ತಿನ್ನಾಕತ್ತೈತಿ” ಎಂದರು.

1941ರಲ್ಲಿ ತೆರೆದ ಆ ಆಸ್ಪತ್ರೆಗೆ ದೇಶದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ; ಚಿಕಿತ್ಸೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವುದರಿಂದ, ವರದಿಗಳ ಚೀಲವನ್ನೇ ತಲೆದಿಂಬಾಗಿಸಿಕೊಂಡು ಸುತ್ತಲಿನ ಕಾಲುದಾರಿಯಲ್ಲಿ ಮಲಗುವ ಕುಟುಂಬಗಳನ್ನು ಕಂಡವರು ಮರೆಯಲಾರರು. ಪ್ರವಾಸಿಗೆ ಅಗ್ಗದ ಕೋಣೆಯೆಂದರೆ ಉಳಿತಾಯ. ಇವರಿಗೆ ಅದು ಚಿಕಿತ್ಸೆ ಮುಂದುವರಿಯುವುದೋ ಅರ್ಧಕ್ಕೆ ನಿಲ್ಲುವುದೋ ಎಂಬುದರ ನಿರ್ಣಯ. ಈ ಸತ್ಯವನ್ನು ಆಳವಾಗಿ ಅರಿತಿದ್ದವರು ಸಂತ ಗಾಡಗೆ ಮಹಾರಾಜರು. 1876ರಲ್ಲಿ ಹುಟ್ಟಿ 1956ರಲ್ಲಿ ಕಾಲವಾದ ಈ ಮಹಾನುಭಾವರು, ಕೈಯಲ್ಲೊಂದು ಪೊರಕೆ, ಜೊತೆಗೊಂದು ಮಣ್ಣಿನ ಪಾತ್ರೆ ಹಿಡಿದು ಊರೂರು ತಿರುಗಿ, ಹಗಲು ಬೀದಿ ಗುಡಿಸಿ ರಾತ್ರಿ ಕೀರ್ತನೆ ಮಾಡಿ, ಬಂದ ಹಣದಿಂದ ಪಂಢರಪುರ, ನಾಸಿಕಗಳಲ್ಲಿಯೂ ಇತರೆಡೆಗಳಲ್ಲಿಯೂ ಧರ್ಮಶಾಲೆಗಳನ್ನು ಕಟ್ಟಿಸಿದರು. ತಮಗಾಗಿ ಒಂದು ಗುಡಿಸಲನ್ನೂ ಕಟ್ಟಿಕೊಳ್ಳಲಿಲ್ಲ. ಅವರ ಹೆಸರಿನಲ್ಲಿ ದಾದರಿನಲ್ಲಿರುವ ಧರ್ಮಶಾಲೆಯು ಇಂದು ಕ್ಯಾನ್ಸರ್ ರೋಗಿಗಳಿಗೂ ಅವರ ಜೊತೆಯವರಿಗೂ ಅತ್ಯಲ್ಪ ದರದಲ್ಲಿ ಆಶ್ರಯವೀಯುತ್ತಿದೆ. ಚಿಕಿತ್ಸೆಗೆ ಬರುವವರು ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಕಂಡು, ಇಂಥ ವಸತಿಗಳ ವಿಚಾರ ಕೇಳತಕ್ಕದ್ದು.

ಈ ನಗರದ ಋಣ ಕನ್ನಡಿಗರು ಬಲ್ಲದ್ದೇ. ಎಳೆಯ ವಯಸ್ಸಿನಲ್ಲಿ ಕರಾವಳಿಯಿಂದ ಬಂದ ಹುಡುಗರು ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ, ಬಾಗಿಲು ಹಾಕಿದ ಬಳಿಕ ಹೋಟೆಲಿನ ಮೇಜುಗಳನ್ನೇ ಜೋಡಿಸಿ ಮಲಗಿ ಬಾಳನ್ನು ಕಟ್ಟಿಕೊಂಡರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ 1908ರಷ್ಟು ಹಳೆಯದು. ಮಾಟುಂಗಾ ನಿಲ್ದಾಣದ ಬಳಿಯ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಯೆಲೆಯ ಮೇಲೆ ಊಟ ಬಡಿಸುತ್ತ ಬಂದಿದೆ. ಮಲಗಲು ಒಂದಿಷ್ಟು ಎಡೆ, ಕೈಗೆಟುಕುವ ಒಂದು ಊಟ, ಇವೆರಡನ್ನು ಅಪರಿಚಿತನಿಗೆ ಕೊಟ್ಟುದರಿಂದಲೇ ಮುಂಬಯಿ ದೊಡ್ಡದಾಯಿತು. ಆದುದರಿಂದ ಮೇಲೆ ಹೇಳಿದ ಲೆಕ್ಕಾಚಾರದಿಂದ ಹಣವುಳಿಸಿದವರು, ಹಿಂದಿರುಗುವ ಮುನ್ನ ಒಂದು ರಾತ್ರಿಯ ಬಾಡಿಗೆಯಷ್ಟನ್ನು ಯಾವುದಾದರೊಂದು ಧರ್ಮಶಾಲೆಗೆ ಕೊಟ್ಟು ಹೋಗಲಿ ಎಂಬುದು ನನ್ನ ಹೃತ್ಪೂರ್ವಕವಾದ ಪ್ರಾರ್ಥನೆ.

ನಾನು ಊರಿಗೆ ಹೊರಡುವ ಹಿಂದಿನ ಸಂಜೆ ಆ ರೈತರಿಗೆ ಧರ್ಮಶಾಲೆಯೊಂದರಲ್ಲಿ ಜಾಗ ಸಿಕ್ಕಿತೆಂದು ತಿಳಿದು, ನೋಡಿಬರಲು ಹೋದೆ. ಹೆಂಡತಿ ಚಾಪೆಯ ಮೇಲೆ ನಿದ್ರಿಸುತ್ತಿದ್ದರು. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದಲ್ಲಿ ಒಗೆದ ಸೀರೆಯೊಂದು ಒಣಗುತ್ತಿತ್ತು. ರೈತರು ಅಂಗಳದಲ್ಲಿ ನಿಂತು ಫೋನಿನಲ್ಲಿ ಮಗಳೊಡನೆ ಮಾತಾಡುತ್ತಿದ್ದರು. ಪ್ರಶ್ನೆ ಅಂದಿನದೇ, ಆದರೆ ಈ ಸಲ ಅವರು ಅದನ್ನು ಗಟ್ಟಿದನಿಯಲ್ಲಿ ಕೇಳಿದರು.